ಮೊಳ ಹಾಕಿ ಆರಿಸಿದ ಲೆನ್ಸು

ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಟ್ಟೆ ವ್ಯಾಪಾರಿಗೆ ಹುಳುಗಳ ಫೋಟೊ ತೆಗೆಯುವ ಹುಚ್ಚು. ಹುಳು ಕಂಡರೆ ಜೀವ ಹೋಗುವಷ್ಟು ಹೆದರಿಕೆಯೂ ಇತ್ತು, ಆದರೆ ಒಪ್ಪುತ್ತಿರಲಿಲ್ಲ. ‘ಹುಳದ ಮರ್ಯಾದಿ ಹುಳಕ್ಕ ಇರ್ಲಿರಿ’ ಎಂದು ದೂರ ನಿಲ್ಲುತ್ತಿದ್ದರು.

ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೊ ಲೆನ್ಸ್ ಕೊಳ್ಳುವ ಮೊದಲು ನನ್ನಲ್ಲಿದ್ದ ಎರಡನ್ನು ಹೋಲಿಸಿ ನೋಡಲು ಬಂದರು. ಯಾವುದರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂದು ಕೇಳಲೇ ಇಲ್ಲ. ಫೋಟೊ ತೆಗೆಯಲು ಹುಳುವಿನಿಂದ ಎಷ್ಟು ದೂರ ನಿಲ್ಲಬಹುದೆಂದು ಸೀರೆ ಅಳೆಯುವಂತೆ ಕೈಚಾಚಿ ಅಳೆದರು. ಚಿಕ್ಕದರಲ್ಲಿ ಮೂಗಿಗೂ ಹುಳುವಿಗೂ ಒಂದು ಗೇಣು, ಉದ್ದದ್ದರಲ್ಲಿ ಒಂದು ಮೊಳ.

‘ಮೊಳದ್ದು ಕೊಡ್ರಿ. ಹುಳದ ಮರ್ಯಾದಿ ಹುಳಕ್ಕ ಇರ್ಲಿ.’

ಪರೀಕ್ಷೆಗೆಂದು ಸುರಪುರದ ಗುಡ್ಡ ಹತ್ತಿದೆವು. ಕಲ್ಲಿನ ಮೇಲೆ ಕಡಲೆಬೇಳೆಯಷ್ಟಿದ್ದ ಚೇಳಿನ ಮರಿಯೊಂದು ಕೂತಿತ್ತು. ಅವರು ನನ್ನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಮೊಳ ದೂರದಲ್ಲಿ ಮಂಡಿಯೂರಿ ಕಣ್ಣಿಟ್ಟರು. ಲೆನ್ಸಿನೊಳಗೆ ಅದು ಎಮ್ಮೆಯಷ್ಟು ಕಂಡಿರಬೇಕು.

‘ಯಪ್ಪಾ, ಮೈಮ್ಯಾಲೆ ಬಂತು!’

ಗುಡ್ಡ ಇಳಿದು ಓಡಿದರು. ನನ್ನ ಲೆನ್ಸು ದಾರಿಯ ಬಂಡೆಗಳಿಗೆಲ್ಲ ಬಡಿಯುತ್ತ ಜೊತೆಗೇ ಹೋಯಿತು. ಚೇಳು ಮಾತ್ರ ಕದಲಲಿಲ್ಲ.

ಬುಡದಲ್ಲಿ ಅವರನ್ನು ಹಿಡಿದೆ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಏದುಸಿರು ಬಿಡುತ್ತ ಕೇಳಿದರು:

‘ಶಹಾಪುರದ ಅಂಗಡ್ಯಾಗ ಕುಂತು ಸುರಪುರದ ಚೇಳು ತೆಗಿಯೂ ಲೆನ್ಸು ಯಾವ್ದರ ಐತೇನ್ರಿ?’