ನೂಲು ಕುಡಿದ ಗಂಜಿ

ಇವತ್ತು ಸೊಸೆ ಬನಹಟ್ಟಿಯಿಂದ ಒಂದು ಕೈಮಗ್ಗದ ಸೀರೆ ತಂದಳು. ನನಗಂತಲೇ ತಂದದ್ದು. ಹಸಿರು ಒಡಲು, ಕೆಂಪು ದಡಿ. ಮಡಿಕೆ ಬಿಚ್ಚಿ ನನ್ನ ತೊಡೆಯ ಮೇಲೆ ಹಾಕಿದಳು ನೋಡ್ರಿ, ಗಂಜಿಯ ವಾಸನೆ ಗಪ್ಪನೆ ಮೂಗಿಗೆ ಬಂತು. ನಾನು ಸೀರೆಯನ್ನು ಆಚೆ ಸರಿಸಿದೆ. ಬಣ್ಣ ನನ್ನ ಮನಸ್ಸಿಗೆ ಬರಲಿಲ್ಲ ಅಂದುಕೊಂಡಳೋ ಏನೋ, ಆಕೆಯ ಮುಖ ಸಣ್ಣದಾಯಿತು. "ಗಂಜಿ ವಾಸನಿ ಏನ್ರಿ ಅತ್ತಿ? ಒಮ್ಮೆ ನೀರಾಗ ನೆನಿ ಹಾಕಿದ್ರ ಹೋಗತೈತಿ ತಗೋರಿ," ಅಂದಳು. ಮುಪ್ಪಿನಲ್ಲಿ ಸಿಟ್ಟು ಮೊದಲು ಬರುತ್ತದೆ, ಕಾರಣ ಹಿಂದಿನಿಂದ ಕುಂಟುತ್ತ ಬರುತ್ತದೆ. "ಹ್ಞೂಂ, ಹಾಕು," ಎಂದಷ್ಟೇ ಅಂದೆ. ಆಕೆ ಬಕೆಟ್ ತರಲು ಒಳಗೆ ಹೋದಳು. ಬರುವುದರೊಳಗೆ ಆ ಕಾರಣವನ್ನು ನಿಮಗೆ ಹೇಳಿಬಿಡುತ್ತೇನೆ. ಇದರಲ್ಲಿ ಸಿಹಿ ಕಡಿಮೆ. ಬೆಲ್ಲ ಬೇಕಾದವರು ಮುಧೋಳದ ಕಡೆ ಹೋಗಿ ಗಾಣದ ಮುಂದೆ ಕೂಡಬಹುದು.

ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯ ನೇಕಾರ ಓಣಿಯಲ್ಲಿ, ಸಂಸ್ಥಾನದ ಕಾಲಕ್ಕೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಗೂ ಮಗ್ಗದ ಸಪ್ಪಳ. ಕಟ್ಟಕಡೆಯ ಮನೆಯೊಂದು ಮಾತ್ರ ಗಪ್ಪಗಾರ. ಅದು ಸಂಸ್ಥಾನದ ಕಾರಕೂನರ ಮನೆ. ನಾವು ಕನ್ನಡದ ಮಂದಿ, ಅವರು ಮರಾಠಿಯವರು. ದರಬಾರಿನ ಮಾತು ಮರಾಠಿ, ಕಚೇರಿಯ ಕಾಗದ ಮರಾಠಿ. ನಮ್ಮ ಮನೆಯ ಗೋಡೆ ನಮ್ಮದೇ ಅಂತ ಬರೆದ ಕಾಗದದಲ್ಲಿ ಏನು ಬರೆದಿದೆ ಅಂತ ತಿಳಿಯಲು ನಮ್ಮಜ್ಜ ಅವರ ಕಟ್ಟೆಯ ಕೆಳಗೆ ನಿಂತು ಕೇಳಬೇಕಾಗಿತ್ತು. ಅವರ ಗಂಡುಮಕ್ಕಳು ಜಮಖಂಡಿಗೆ ಇಂಗ್ಲಿಷ್ ಸಾಲಿಗೆ ಹೋಗುತ್ತಿದ್ದರು, ನಮ್ಮವರು ಕಾಲು ತಳಕ್ಕೆ ಎಟಕುವ ವಯಸ್ಸಿಗೇ ಮಗ್ಗದ ಕೆಳಗಿನ ಕುಣಿಗೆ ಇಳಿಯುತ್ತಿದ್ದರು. ಕಾರಕೂನರ ಹೆಂಡತಿಗೆ ಓಣಿಯೆಲ್ಲ ಬಾಯಾರು ಅನ್ನುತ್ತಿತ್ತು. ನಮ್ಮ ಆಯಿ, ಅಂದರೆ ನಮ್ಮ ಅಪ್ಪನ ತಾಯಿ ನೀಲವ್ವ, ವಯಸ್ಸಿನಲ್ಲಿ ಬಾಯಾರಿಗಿಂತ ಎಷ್ಟೋ ದೊಡ್ಡವಳು. ಆದರೆ ಬಾಯಾರು "ಬಾ ನೀಲವ್ವ" ಅನ್ನಬೇಕು, ಆಯಿ "ಬಂದೆ ರೀ ಬಾಯಾರ" ಅನ್ನಬೇಕು. ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಎರಡು ಮನೆಗಳ ನಡುವೆ ಇದ್ದ ಅಂತರ ನನಗೆ ತಿಳಿದದ್ದು ಅಕ್ಕಿಯಿಂದ. ಅವರ ಮನೆಯಲ್ಲಿ ದಿನಾ ಅನ್ನ. ಬಸಿದ ಗಂಜಿಯಲ್ಲಿ ಒಂದಿಷ್ಟು ಕಾರಕೂನರ ಧೋತರಕ್ಕೆ, ಉಳಿದದ್ದು ಹಿತ್ತಲ ಆಕಳಿಗೆ. ನಮ್ಮ ಮನೆಯಲ್ಲಿ ಉಣ್ಣುವುದು ಜೋಳ, ದಿನಾ ಜೋಳ. ನಮ್ಮಲ್ಲಿಗೂ ಅಕ್ಕಿ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಕ್ಕಿಯ ನುಚ್ಚು ಬರುತ್ತಿತ್ತು, ಆದರೆ ನೂಲಿಗೆ. ನೇಯುವುದಕ್ಕೆ ಮೊದಲು ಉದ್ದನೆಯ ನೂಲನ್ನೆಲ್ಲ, ಅದಕ್ಕೆ ಹಾಸು ಅನ್ನುತ್ತಾರೆ, ನಸುಕಿನಲ್ಲಿ ಓಣಿಯುದ್ದಕ್ಕೂ ಗೂಟಕ್ಕೆ ಬಿಗಿದು ಅಕ್ಕಿಯ ಗಂಜಿ ಹಚ್ಚುತ್ತಿದ್ದೆವು. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಪಟಪಟ ಹರಿಯುತ್ತದೆ. ಆಯಿ ಗಂಜಿ ಕುದಿಸುವಾಗ ಆ ಬಿಸಿ ವಾಸನೆಗೆ ನಾವು ಹುಡುಗರು ಒಲೆಯ ಸುತ್ತ ಸೇರುತ್ತಿದ್ದೆವು. ಆಕೆ ಸೌಟು ಎತ್ತಿ, "ಸರೀರಿ ಆಚೀಕ. ಮೊದಲ ನೂಲು, ಆಮ್ಯಾಲ ನೀವು," ಅನ್ನುತ್ತಿದ್ದಳು. ಆಮ್ಯಾಲ ಏನೂ ಇರುತ್ತಿರಲಿಲ್ಲ ಬಿಡ್ರಿ. ಗಂಜಿ ಇಳಿಸಿದ ಕೂಡಲೇ ಒಂದು ಚಿಟಿಕೆ ಮೈಲುತುತ್ತದ ಪುಡಿ ಹಾಕಿ ತಿರುವುತ್ತಿದ್ದಳು. ನೂಲಿಗೆ ಇಲಿ, ಹುಳ ಬಾಯಿ ಹಾಕಬಾರದು ಅಂತ ಆ ನೀಲಿ ವಿಷ. ಇಲಿಗೂ ಮೊಮ್ಮಕ್ಕಳಿಗೂ ಒಂದೇ ಮದ್ದು.

ಬಾಯಾರು ತಮಗೆ ಬೇಕಾದ ಸೀರೆಗಳನ್ನು ನಮ್ಮ ಮನೆಯಲ್ಲೇ ನೇಯಿಸುತ್ತಿದ್ದರು. ಹಾಸಿನ ನೂಲಿಗೆ ಗಂಜಿ ಹಚ್ಚುವ ದಿನ ತಾವೇ ಬಂದು, ಯಾರನ್ನೂ ಮುಟ್ಟಿಸಿಕೊಳ್ಳದೆ ದೂರ ನಿಂತು ನೋಡುತ್ತಿದ್ದರು. ಒಮ್ಮೆ, "ಅಗ ಬಾಯಿ, ಈ ನೀಲಿ ಏನ ನೀಲವ್ವ?" ಅಂತ ತಮ್ಮ ಮರಾಠಿ ಧಾಟಿಯಲ್ಲಿ ಕೇಳಿದ್ದರು. ಆಯಿ ಎದೆ ಉಬ್ಬಿಸಿ ಮೈಲುತುತ್ತದ ಗುಟ್ಟನ್ನೆಲ್ಲ ಹೇಳಿದಳು. ಇಷ್ಟು ಹಾಕಿದರೆ ಇಷ್ಟು ದಿನ ಇಲಿ ಸುಳಿಯೋದಿಲ್ಲ, ಹೆಚ್ಚಾದರೆ ಬಣ್ಣ ಕೆಡುತ್ತದೆ, ಹೀಗೆ. ದೊಡ್ಡವರ ಮನೆಯವರು ನಮ್ಮ ಕಸುಬಿನ ಮಾತು ಕೇಳಿದರೆ ಸಾಕು, ನಮಗೆ ಹಬ್ಬ. ಬಾಯಾರು ತಲೆಯಾಡಿಸಿ ಎಲ್ಲ ಕೇಳಿಕೊಂಡರು. ನೆನಪೂ ಇಟ್ಟುಕೊಂಡರು.

ಅವರ ಮನೆಯಲ್ಲಿ ಎಲ್ಲ ಸುಖವೇ ಇತ್ತು ಅಂತ ತಿಳಿಯಬೇಡಿ. ಅವರ ಮಗಳು ಗೋದಾ ಇನ್ನೂ ಇಪ್ಪತ್ತು ತುಂಬದವಳು. ಗಂಡ ತೀರಿದ ಮೇಲೆ ತಲೆ ಬೋಳಿಸಿ ತವರಿಗೆ ಕಳಿಸಿದ್ದರು. ಅಂಚಿಲ್ಲದ, ಸೆರಗಿಗೆ ಪಟ್ಟೆಯಿಲ್ಲದ ಬರೀ ಕೆಂಪು ಸೀರೆ ಆಕೆಯದು. ಅದನ್ನು ನೇಯುತ್ತಿದ್ದವರೂ ನಾವೇ. ನೇಯುವ ಕೈಗೆ ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಕಣ್ಣು ನಿಲ್ಲಿಸಲು ಒಂದು ಗೀಟೂ ಇರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಗಂಡ ಸತ್ತವಳಿಗೆ ಉಡಿಕಿ ಮಾಡಿ ಇನ್ನೊಂದು ಮನೆಗೆ ಕೊಡುವ ರೂಢಿ ಇತ್ತು. ನಮ್ಮ ಆಯಿಯೇ ಉಡಿಕಿಯಾಗಿ ನಮ್ಮಜ್ಜನ ಮನೆಗೆ ಬಂದವಳು. ಗೋದಾಳನ್ನು ಕಂಡ ದಿನ ಆಯಿ ಜೋಳ ಬೀಸುತ್ತ ಹೇಳುತ್ತಿದ್ದಳು: "ನಾ ಅವರ ಮನ್ಯಾಗ ಹುಟ್ಟಿದ್ರ ಅನ್ನ ಉಣ್ಣತಿದ್ದೆ, ತಲಿ ಬೋಳಾಗತಿತ್ತು. ಇಲ್ಲಿ ಹುಟ್ಟೇನಿ. ತಲ್ಯಾಗ ಕೂದಲ ಐತಿ, ಹೊಟ್ಯಾಗ ಕಟಕ ರೊಟ್ಟಿ. ಯಾವುದ ಛಲೋ ಹೇಳ ನೋಡೂಣು?" ನಾನು ಅನ್ನವೇ ಛಲೋ ಅಂದಿದ್ದೆ. ಹಸಿದ ಹುಡುಗಿಗೆ ಕೂದಲಿನ ಬೆಲೆ ಏನು ಗೊತ್ತು?

ಮಹಾಯುದ್ಧದ ಕಾಲ ಬಂತು. ಅಂಗಡಿಗಳಲ್ಲಿ ಅಕ್ಕಿ ಕಾಣದಾಯಿತು, ನುಚ್ಚೂ ಇಲ್ಲ. ಜೋಳಕ್ಕೇ ಸಾಲುಗಟ್ಟಿ ನಿಲ್ಲಬೇಕು. ಸಂಸ್ಥಾನದ ನೌಕರರಿಗೆ ಉಗ್ರಾಣದಿಂದ ಅಕ್ಕಿ ಸಿಗುತ್ತಿತ್ತು, ಹಾಗಾಗಿ ಓಣಿಯ ಕೊನೆಯ ಮನೆಯಲ್ಲಿ ಮಾತ್ರ ಅನ್ನದ ಪಾತ್ರೆ ಒಲೆಯ ಮೇಲೆ ಕೂಡುತ್ತಿತ್ತು. ಆ ದಿನಗಳಲ್ಲೇ ನಮ್ಮ ಚಿಗವ್ವ, ಕಾಕಾನ ಹೆಂಡತಿ, ಹೆತ್ತಳು. ಹೆಣ್ಣು ಕೂಸು. ಹೆತ್ತ ಮೇಲೆ ಜ್ವರ ಹತ್ತಿತು. ರೊಟ್ಟಿ ಒಲ್ಲಳು, ಜೋಳದ ಅಂಬಲಿ ಕುಡಿಸಿದರೆ ಹೊಟ್ಟೆಯಲ್ಲಿ ನಿಲ್ಲದು. ಎದೆಹಾಲು ದಿನದಿಂದ ದಿನಕ್ಕೆ ಬತ್ತುತ್ತ ಬಂತು. ಸೂಲಗಿತ್ತಿ ಆಯಿಯನ್ನು ಹೊರಗೆ ಕರೆದು, "ಅಕ್ಕಿ ಗಂಜಿ ಕುಡಸ ಯವ್ವ. ಗಂಜಿ ಹೋದ್ರ ಹಾಲ ಬರ್ತೈತಿ. ಇಲ್ಲಂದ್ರ ಕೂಸು ದಕ್ಕೂದಿಲ್ಲ," ಅಂದಳು. ಅದೇ ಹೊತ್ತಿಗೆ ಮನೆಯಲ್ಲಿ ಗೋದಾಳ ಕೆಂಪು ಸೀರೆಯ ಹಾಸು ಸುತ್ತಿಟ್ಟಿತ್ತು. ಅದಕ್ಕೂ ಗಂಜಿ ಇರಲಿಲ್ಲ.

ಮರುದಿನ ಆಯಿ ಗಡಿಗೆ ಹಿಡಿದು, ನನ್ನನ್ನು ಕರೆದುಕೊಂಡು ಕಾರಕೂನರ ಹಿತ್ತಲ ಬಾಗಿಲಿಗೆ ಹೋದಳು. ಬಾಯಾರು ಹೊರಗೆ ಬಂದು, "ಏನ ನೀಲವ್ವ?" ಅಂದರು. ಆಯಿಯ ಬಾಯಿಯನ್ನೇ ನೋಡುತ್ತ ನಿಂತಿದ್ದೆ. 'ಬಾಣಂತಿಗೆ' ಎಂಬ ಒಂದು ಮಾತು ಬರಬೇಕಾಗಿತ್ತು, ಅಷ್ಟೇ. ಆದರೆ ನಮ್ಮವರಿಗೆ ಒಂದು ಹೆಮ್ಮೆ ಇತ್ತು ನೋಡ್ರಿ: ನೇಕಾರ ಕಸುಬಿಗೆ ಏನು ಬೇಕಾದರೂ ಕೇಳ್ಯಾನು, ಹೊಟ್ಟೆಗೆ ಕೇಳುವವನಲ್ಲ. ಕಸುಬಿಗೆ ಕೇಳಿದರೆ ಅದು ವ್ಯವಹಾರ, ಹೊಟ್ಟೆಗೆ ಕೇಳಿದರೆ ಭಿಕ್ಷೆ. ಆಯಿ, "ಹಾಸಿನ ನೂಲಿಗೆ ಗಂಜಿ ಬೇಕಾಗೇತ್ರಿ ಬಾಯಾರ. ನಿಮ್ಮ ಗೋದಾಬಾಯಾರ ಸೀರೀದ. ಪ್ಯಾಟ್ಯಾಗ ನುಚ್ಚ ಸಿಗವಲ್ದು. ಅನ್ನ ಬಸದದ್ದ ಕೊಟ್ರ..." ಅಂದಳು.

"ಅಯ್ಯ, ಇಷ್ಟೇ ಅಲ್ಲ? ನಾಳೆ ಬಾ. ಹಿಡದ ಇಡ್ತೀನಿ," ಅಂದರು ಬಾಯಾರು. ಎಷ್ಟು ಸಲೀಸಾಗಿ ಅಂದರು ಅಂತೀರಿ. ದಾರಿಯಲ್ಲಿ ಆಯಿಯ ಹೆಜ್ಜೆಯೇ ಹಗುರಾಗಿತ್ತು. ಮನೆಗೆ ಬಂದು ಚಿಗವ್ವನ ತಲೆ ನೇವರಿಸಿ, "ನಾಳೆ ಬರ್ತೈತಿ ತಂಗಿ, ಬಿಸಿ ಬಿಸಿದು," ಅಂದಳು. ಹಾಸಿನ ನೂಲಿಗೆ ಒಂದು ಸುತ್ತು ಹಚ್ಚಿ, ಉಳಿದದ್ದು ಬಾಣಂತಿಗೆ ಅಂತ ಲೆಕ್ಕ ಹಾಕಿದ್ದಳು. ಇಲ್ಲಿಯೂ ಹಾಸೇ ಮೊದಲು, ನೋಡಿದಿರಾ?

ಮರುದಿನ ಬಾಯಾರು ದೊಡ್ಡ ಪಾತ್ರೆ ತಂದು, ನಮ್ಮ ಗಡಿಗೆಗೆ ತಾಗದಂತೆ ಎತ್ತರದಿಂದ ಧಾರೆಯಾಗಿ ಸುರಿದರು. ಉಗಿ ಏಳುತ್ತಿತ್ತು. ಹಿಂದೆ ಬಾಗಿಲ ಸಂದಿಯಲ್ಲಿ ಗೋದಾ ನಿಂತಿದ್ದಳು. ಗಡಿಗೆ ತುಂಬಿದ ಮೇಲೆ ಬಾಯಾರು ಬಲು ಪ್ರೀತಿಯಿಂದ, "ಮೈಲುತುತ್ತ ಹಾಕೇ ಕೊಟ್ಟೀನಿ ನೀಲವ್ವ. ಆಕಳ ಗೊರಸಿಗೆ ಅಂತ ತಂದದ್ದು ಮನ್ಯಾಗ ಇತ್ತು. ನಿಮಗ್ಯಾಕ ಮತ್ತ ತ್ರಾಸ? ನೀನೇ ಹೇಳಿದ್ದೆಲ್ಲ, ಇಲಿ ತಿಂತಾವಂತ," ಅಂದರು.

ಆಯಿ ಕೈ ಮುಗಿದಳು. ಅದೂ ಅಭ್ಯಾಸ. ಓಣಿಯ ತಿರುವಿಗೆ ಬಂದಾಗ ಗಡಿಗೆ ಕೆಳಗಿಟ್ಟು ಒಂದು ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು. ಬಾಯಾರು ನೀಲಿ ಹಾಕುವುದನ್ನು ಮರೆತು, ಬರೀ ಬಾಯಿಮಾತಿಗೆ ಹಾಗೆ ಅಂದಿರಲಿ ಅಂತ ಆಸೆ ಇತ್ತೋ ಏನೋ. ಥೂ ಅಂತ ಉಗುಳಿ, ಸೆರಗಿನಿಂದ ನಾಲಗೆ ತಿಕ್ಕಿಕೊಂಡು, ಅಲ್ಲೇ ಗೋಡೆಗೆ ಒರಗಿ ಕೂತಳು. ನಾನು, "ಆಯಿ, ತಿರುಗಿ ಹೋಗೂಣು. ಬಾಣಂತಿಗೆ ಅಂತ ಖರೆ ಹೇಳೂಣು," ಅಂದೆ. "ಸುಮ್ಮನಿರ. ಉಣ್ಣಾಕ ಗತಿ ಇಲ್ಲದಕ್ಕ ಸುಳ್ಳ ಹೇಳಿ ಬಂದಿದ್ಲು ಅನ್ನಿಸ್ಕೊಳ್ಳಲ್ಯಾ?" ಅಂದಳು. ಆ ಮಾತಿನಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ನೀರಿತ್ತು.

ಆ ಗಂಜಿಯನ್ನೆಲ್ಲ ನೂಲಿಗೆ ಕುಡಿಸಿದೆವು. ಓಣಿಯುದ್ದಕ್ಕೂ ಕೆಂಪು ಹಾಸು ಬಿಗಿದು, ಒಂದು ಬದಿಗೆ ಆಯಿ, ಇನ್ನೊಂದು ಬದಿಗೆ ನಾನು, ಕುಂಚ ಹಿಡಿದು ತಿಕ್ಕುತ್ತ ನಡೆದೆವು. ಅಷ್ಟು ಗಟ್ಟಿಯಾದ, ಅಷ್ಟು ನುಣುಪಾದ ಗಂಜಿ ನಮ್ಮ ನೂಲು ಅದುವರೆಗೆ ಕಂಡಿರಲಿಲ್ಲ. ಒಳಗೆ ಕೂಸು ಅಳುವುದು ಕೇಳಿಸುತ್ತಿತ್ತು. ಮುಂದೆಯೂ ನಾಲ್ಕಾರು ದಿನ ಬಾಯಾರು ತಪ್ಪದೆ ಗಂಜಿ ಹಿಡಿದಿಟ್ಟು ಹೇಳಿಕಳಿಸಿದರು, ತಪ್ಪದೆ ನೀಲಿ ಹಾಕಿ. ಬೇಡ ಅನ್ನಲು ಆಯಿಗೆ ಬಾಯಿರಲಿಲ್ಲ. ತಂದು ಗಟಾರಕ್ಕೆ ಚೆಲ್ಲುತ್ತಿದ್ದಳು. ಅದು ಅವರ ಆಕಳಿಗೂ ದಕ್ಕಲಿಲ್ಲ, ನಮ್ಮ ಬಾಣಂತಿಗೂ ದಕ್ಕಲಿಲ್ಲ.

ಕೂಸು ಹೋಯಿತು. ಹೆಸರಿಡುವುದಕ್ಕೂ ಮೊದಲೇ ಹೋಯಿತು. ಚಿಗವ್ವ ಉಳಿದಳು. ಜ್ವರ ಬಿಟ್ಟು ಎದ್ದು ಕೂಡುವಷ್ಟು ಶಕ್ತಿ ಬಂದ ದಿನ ರಾಟಿಯ ಮುಂದೆ ಕೂತು, ಅದೇ ಕೆಂಪು ಸೀರೆಗೆ ಬೇಕಾದ ಅಡ್ಡನೂಲು ಸುತ್ತಿದಳು. ಕಾಕಾ ನೇಯ್ದ. ಒಂದು ಎಳೆಯೂ ಹರಿಯಲಿಲ್ಲ. ಬಾಯಾರು ಸೀರೆಯನ್ನು ಬಿಸಿಲಿಗೆ ಹಿಡಿದು, "ಏನ ಛಲೋ ಬಂದದ. ಗಂಜಿ ಛಲೋ ಇತ್ತು, ಹೌದಲ್ಲ?" ಅಂದರು. ಗೋದಾ ಅದನ್ನು ಉಟ್ಟು ಹಿತ್ತಲಲ್ಲಿ ತುಳಸಿಗೆ ನೀರು ಹಾಕುವುದನ್ನು ನಾನು ಎಷ್ಟೋ ದಿನ ನೋಡಿದೆ. ನಮ್ಮ ಕೂಸಿನ ಬಾಯಿಗೆ ಹೋಗಬೇಕಾದದ್ದು ಆ ಹುಡುಗಿಯ ಬೋಳು ತಲೆಯ ಮೇಲೆ ಕೂತಿತ್ತು. ಆಕೆಯೂ ಅದನ್ನು ಬೇಡಿರಲಿಲ್ಲ.

ಬಾಯಾರು ಕೆಟ್ಟವರಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ನಾಲ್ಕು ಬೈದು ಹಗುರಾಗುತ್ತಿದ್ದೆ. ಬಾಣಂತಿಗೆ ಅಂದಿದ್ದರೆ ಗಂಜಿಯೇನು, ಒಂದು ಸೇರು ಅಕ್ಕಿಯನ್ನೇ ಕೊಡುತ್ತಿದ್ದರೋ ಏನೋ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಅಷ್ಟು ವರ್ಷ ಒಂದೇ ಓಣಿಯಲ್ಲಿದ್ದು, ನಮ್ಮ ಮನೆಯಲ್ಲಿ ಮನುಷ್ಯರು ಅಕ್ಕಿ ಉಣ್ಣುವುದಿಲ್ಲ ಎಂಬುದು ಅವರಿಗೆ ತಿಳಿದಿರಲೇ ಇಲ್ಲ. ನಮ್ಮ ನೂಲಿಗೆ ಏನು ಬೇಕು ಎಂಬುದು ಚೊಕ್ಕಟವಾಗಿ ತಿಳಿದಿತ್ತು. ನಾವೂ ಅದನ್ನಷ್ಟೇ ಅವರಿಗೆ ಕಲಿಸಿದ್ದೆವು. ಇದಕ್ಕೆ ಯಾರ ಕಪಾಳಕ್ಕೆ ಹೊಡೆಯಬೇಕು, ಹೇಳ್ರಿ.

ಸಂಸ್ಥಾನ ಮುಳುಗಿದ ವರ್ಷ ಕಾರಕೂನರು ಮನೆ ಮಾರಿ ಸಾಂಗಲಿಯ ಕಡೆಗೆ ಹೊರಟರು. ಹೊರಡುವ ದಿನ ಬಾಯಾರು ಮೊದಲ ಸಲ ನಮ್ಮ ಹೊಸ್ತಿಲವರೆಗೆ ಬಂದರು. ಕೈಯಲ್ಲಿ ಅಕ್ಕಿಯ ಒಂದು ಗಂಟು. ಕಣ್ಣು ಕೆಂಪಾಗಿತ್ತು. "ತಗೋ ನೀಲವ್ವ. ಹೊರೋದು ತ್ರಾಸ. ನಿಮ್ಮ ನೂಲಿಗೆ ಆಗ್ತದ," ಅಂದರು.

ಆಯಿ ಗಂಟು ಇಸಿದುಕೊಂಡು ಹೊಸ್ತಿಲ ಒಳಗೆ ಇಟ್ಟಳು. ಆಮೇಲೆ, ಅಷ್ಟು ವರ್ಷ ನುಂಗಿದ್ದ ಮಾತನ್ನು ಕಕ್ಕಿದಳು. "ಬಾಯಾರ, ಆವತ್ತ ನಾ ಗಂಜಿ ಕೇಳಿದ್ದು ನೂಲಿಗಲ್ರಿ."

"ಮತ್ತ ಯಾತಕ್ಕ?" ಅಂದರು ಬಾಯಾರು. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ.

ಒಳಗಿನಿಂದ ರಾಟಿಯ ಸದ್ದು ನಿಂತಿತು. ಚಿಗವ್ವ ಬಾಗಿಲಿಗೆ ಬಂದಳು. ಅತ್ತೆಯ ಮುಖ ನೋಡಿದಳು, ಬಾಯಾರ ಮುಖ ನೋಡಿದಳು. "ಏನಿಲ್ಲ ತಗೋರಿ ಬಾಯಾರ. ಅತ್ತಿಗೆ ಈಗೀಗ ನೆನಪ ಇರೂದಿಲ್ಲ. ನೂಲಿಗೇ ಕೇಳಿದ್ದು," ಅಂದಳು. ಬಾಯಾರು ಹೌದು ಹೌದು ಅಂತ ತಲೆಯಾಡಿಸಿ ಹೋದರು. ಆ ಅಕ್ಕಿಯಿಂದ ಆಯಿ ಅಂದು ಅನ್ನ ಮಾಡಿದಳು. ನಾವೆಲ್ಲ ಹೊಟ್ಟೆತುಂಬ ಉಂಡೆವು, ಬಸಿದ ಗಂಜಿಯನ್ನೂ ಉಪ್ಪು ಹಾಕಿ ಕುಡಿದೆವು. ಚಿಗವ್ವ ರೊಟ್ಟಿ ತಿಂದಳು. ಸಾಯುವವರೆಗೂ ಆಕೆ ಅನ್ನ ಮುಟ್ಟಲಿಲ್ಲ. ಕೇಳಿದವರಿಗೆ ನನಗೆ ಒಗ್ಗೂದಿಲ್ಲ ಅನ್ನುತ್ತಿದ್ದಳು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಸೊಸೆ ಸೀರೆ ನೆನೆಹಾಕಿ, ಹಿಂಡಿ, ಹಗ್ಗಕ್ಕೆ ಹರವಿದ್ದಾಳೆ. ಹಗ್ಗದ ಮೇಲೆ ಬಿಸಿಲಿಗೆ ಛಲೋ ಕಾಣುತ್ತದೆ, ಅವಳ ಮುಂದೆ ಹೇಳಬೇಕು. ಬಣ್ಣ ಒಂದಿಷ್ಟೂ ಬಿಟ್ಟಿಲ್ಲ, ಬಕೆಟಿನಲ್ಲಿ ಬೆಳ್ಳನೆಯ ಗಂಜಿ ನೀರು ಮಾತ್ರ ಉಳಿದಿದೆ. ಚೆಲ್ಲಲು ಎತ್ತಿದಳು. "ತಡಿ," ಅಂದೆ. ಬಗ್ಗಿ ಒಂದು ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡೆ. ಆಕೆ ಗಾಬರಿಯಾಗಿ, "ಅತ್ತಿ, ಏನ ಮಾಡಾಕತ್ತೀರಿ?" ಅಂತ ನನ್ನ ಕೈ ಹಿಡಿದಳು.

ಬರೀ ಅಕ್ಕಿಯ ರುಚಿ. ನೀಲಿ ಇಲ್ಲ, ಒಗರಿಲ್ಲ. ಕುಡಿಯಬಹುದಾಗಿತ್ತು.