ಎತ್ತಿಗೆ ರಜೆ ಇಲ್ಲ

ಚಳ್ಳಕೆರೆಯಲ್ಲಿ ಯಾರಿಗೆ ಸನ್ಮಾನವಾಗಲಿ, ಅವರ ಕೈಗೆ ಕೊಡುವ ಅಭಿನಂದನಾ ಪತ್ರ ಬರೆಯುವವರು ಓಂಕಾರಮೂರ್ತಿ ಮೇಷ್ಟ್ರು. ಎಣ್ಣೆ ಮಿಲ್ಲಿನ ಸಾಹುಕಾರರಿಗೆ ಅರವತ್ತು ತುಂಬಿದರೂ ಅವರೇ, ಬ್ಯಾಂಕಿನ ಮ್ಯಾನೇಜರಿಗೆ ವರ್ಗವಾದರೂ ಅವರೇ. ಸತ್ತವರ ಫ್ಲೆಕ್ಸಿನಲ್ಲಿ ಫೋಟೋದ ಕೆಳಗೆ ಬರುವ ನಾಲ್ಕು ಸಾಲೂ ಅವರದೇ. ಸಾಹಿತ್ಯ ಓದಿದವನಿಗೆ ಸಣ್ಣ ಊರು ಕೊಡುವ ಕೆಲಸ ಇಷ್ಟೇ. ಗಣಿತದವರು ಟ್ಯೂಷನ್ ಹೇಳುತ್ತಾರೆ, ಕನ್ನಡದವರು ಹೊಗಳುತ್ತಾರೆ.

ಮೇಷ್ಟ್ರಿಗೆ ಐವತ್ತೆರಡು. ಇಪ್ಪತ್ತೈದು ವರ್ಷದಿಂದ ಹೊಗಳಿ ಹೊಗಳಿ ಅವರ ತಲೆಯಲ್ಲಿ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ಸರಳ ಸಜ್ಜನಿಕೆ, ನಿಗರ್ವಿ, ಎಲೆಮರೆಯ ಕಾಯಿ, ಬಡವರ ಬಂಧು. ಹೆಸರಿನ ಜಾಗ ಖಾಲಿ ಬಿಟ್ಟರೆ ಉಳಿದದ್ದು ಯಾರ ಮೈಗಾದರೂ ಹಿಡಿಯುತ್ತದೆ. ಸಾಲ ಕೊಟ್ಟು ಹೊಲ ಬರೆಸಿಕೊಂಡವನೂ ಇವರ ಕೈಯಲ್ಲಿ ಬಡವರ ಬಂಧುವಾಗಿದ್ದಾನೆ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಕಾಲೇಜಿಗೆ ಹೋಗುವಾಗ ಯೋಚಿಸುತ್ತಾರೆ. ಶೇಂಗಾ ಹೊಲ, ಗುಡ್ಡ, ಮತ್ತೆ ಶೇಂಗಾ ಹೊಲ. ಬಿ.ಜಿ. ಕೆರೆ ಬರುವ ಹೊತ್ತಿಗೆ ಸೀಟು ಸಿಗುತ್ತದೆ. ಕೂತ ಮೇಲೆ ಯೋಚನೆ ನಿಲ್ಲುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಒಂದು ಊರಿನ ಸರ್ಕಾರಿ ಪಿಯು ಕಾಲೇಜು ಅದು. ಅಲ್ಲಿ ಬೆಲ್ ಹೊಡೆಯುವ, ಬಾಗಿಲು ತೆಗೆಯುವ, ಫೈಲು ಹೊರುವ ಅಟೆಂಡರ್ ದೊಡ್ಡಪಾಲಯ್ಯ. ಮೂವತ್ತೊಂದನೇ ತಾರೀಖಿಗೆ ರಿಟೈರು. ಅದಕ್ಕೆ ಹದಿನೈದು ದಿನ ಇರುವಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ.

"ಸಾರ್, ನಂದೂ ಒಂದು ಬರೀತೀರಾ?"

"ಬರೀದೆ ಏನಪ್ಪ ಪಾಲಯ್ಯ. ಮಿಲ್ ಸಾಹುಕಾರರಿಗಿಂತ ಚೆಂದ ಬರೀತೀನಿ ನೋಡು."

"ಚೆಂದ ಬ್ಯಾಡ ಸಾರ್. ನಮ್ಮಣ್ಣ ಬರ್ತಾನೆ ಅವತ್ತು. ಅವನಿಗೆ ತಿಳಿಯೋ ಹಂಗೆ ಇದ್ರೆ ಸಾಕು."

ಮೇಷ್ಟ್ರು ಬರೆಯಲು ಕೂತರು. ಅಚ್ಚು ಈ ಸಲ ಹಿಡಿಯಲಿಲ್ಲ. ಹನ್ನೊಂದು ವರ್ಷ ಒಂದೇ ಚಾವಣಿಯ ಕೆಳಗಿದ್ದ ಮನುಷ್ಯನ ಬಗ್ಗೆ ತನಗೆ ಏನು ಗೊತ್ತು ಎಂದು ನೋಡಿಕೊಂಡರೆ, ನೆನಪಿಗೆ ಬಂದದ್ದು ಒಂದು ಲೋಟ ಮಾತ್ರ. ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಮೊಳೆಗೆ ಕಿವಿಯಿರುವ ಒಂದು ಸ್ಟೀಲ್ ಲೋಟ ನೇತುಹಾಕಿತ್ತು. ಅದರಲ್ಲಿ ದೊಡ್ಡಪಾಲಯ್ಯ ಒಬ್ಬನೇ ನೀರು ಕುಡಿಯುತ್ತಿದ್ದ. ಮೇಜಿನ ಮೇಲಿನ ಲೋಟಗಳನ್ನು ಅವನು ತೊಳೆದಿಡುತ್ತಿದ್ದ, ತುಟಿಗೆ ತಾಗಿಸುತ್ತಿರಲಿಲ್ಲ.

ಆ ಲೋಟ ಕಂಡಾಗಲೆಲ್ಲ ಮೇಷ್ಟ್ರಿಗೆ ಒಳಗೆ ಚುರುಕ್ ಎನ್ನುತ್ತಿತ್ತು. ತರಗತಿಯಲ್ಲಿ ಸಮಾನತೆಯ ಪಾಠ ಮುಗಿಸಿ ಬಂದು, ಮೊಳೆಯಲ್ಲಿ ತೂಗುವ ಆ ಲೋಟದ ಎದುರೇ ಕೂತು ಟೀ ಕುಡಿಯುತ್ತಿದ್ದರು. ಯಾರು ಅದನ್ನು ಅಲ್ಲಿ ತೂಗುಹಾಕಿದ್ದು, ಯಾವ ಕಾಲದಲ್ಲಿ, ಕೇಳಿರಲಿಲ್ಲ. ಕೇಳಿದರೆ ಏನಾದರೂ ಮಾಡಬೇಕಾಗುತ್ತದೆ. ಚುರುಕ್ ಅನ್ನಿಸಿಕೊಂಡು ಸುಮ್ಮನಿರುವುದು ಸಲೀಸು, ಓದಿದವರಿಗಂತೂ ಇನ್ನೂ ಸಲೀಸು.

ಈಗ ಆ ಲೋಟ ಸಿಕ್ಕಿತು. ಮೂರು ಪುಟ ಬರೆದರು. ಆ ಲೋಟ ನಮ್ಮೆಲ್ಲರ ಎದೆಗೆ ಹೊಡೆದ ಮೊಳೆ, ದೊಡ್ಡಪಾಲಯ್ಯನವರೇ ನಮ್ಮನ್ನು ಕ್ಷಮಿಸಿ, ಎಂದೆಲ್ಲ. ಹೆಂಡತಿ ಶಿಲ್ಪಾಗೆ ಓದಿ ಹೇಳಿದರು. ಆಕೆ ಹೆಸರುಕಾಳು ಆರಿಸುತ್ತ ಕೇಳಿಸಿಕೊಂಡು, "ಚೆನ್ನಾಗೈತೆ. ಅಳು ಬರೋ ಹಂಗೈತೆ. ಇದರಾಗೆ ಆ ಮನುಷ್ಯ ಎಲ್ಲಿದಾನೆ?" ಎಂದಳು.

ಮೇಷ್ಟ್ರಿಗೆ ಆ ಮಾತು ಹಿಡಿಸಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಪಾಠಕ್ಕೆ ಹೋಗಿದ್ದಾಗ ದೊಡ್ಡಪಾಲಯ್ಯನನ್ನು ಕೂರಿಸಿಕೊಂಡು ಓದಿದರು. ಅವನು ಕುರ್ಚಿಯ ತುದಿಯಲ್ಲಿ ಕೂತು ಕೈಕಟ್ಟಿ ಕೇಳಿದ. ಕ್ಷಮಿಸಿ ಎಂಬ ಸಾಲು ಬಂದಾಗ ಒಮ್ಮೆ ಲೋಟದ ಕಡೆ, ಒಮ್ಮೆ ಮೇಷ್ಟ್ರ ಕಡೆ ನೋಡಿದ. ಓದು ಮುಗಿಯಿತು.

"ಸಾರ್, ಆ ಲೋಟ ನಂದು."

"ಗೊತ್ತಪ್ಪ. ಅದನ್ನೇ ಬರ್ದಿರೋದು."

"ಅಲ್ಲ ಸಾರ್. ನಾನೇ ತಂದು ಹಾಕಿದ್ದು. ಮೊಳೆನೂ ನಾನೇ ಹೊಡ್ದಿದ್ದು. ನಮ್ಮದು ದೇವರ ಎತ್ತು ಕಾಯೋ ಮನೆ. ಹೊರಗಡೆ ಲೋಟದಾಗೆ ಕುಡಿಯಂಗಿಲ್ಲ, ಹೊರಗಡೆ ಉಣ್ಣಂಗಿಲ್ಲ. ನೀವು ಕುಡಿದಿದ್ರಾಗೆ ನಾನು ಕುಡಿಯಲ್ಲ ಸಾರ್. ಬ್ಯಾಸರ ಮಾಡ್ಕಬ್ಯಾಡ್ರಿ."

ಹನ್ನೊಂದು ವರ್ಷ ಮೇಷ್ಟ್ರು ಯಾರನ್ನು ದೂರ ಇಟ್ಟಿದ್ದೇವೆಂದು ಮರುಗಿದ್ದರೋ ಅವನೇ ಇವರನ್ನು ದೂರ ಇಟ್ಟಿದ್ದ.

"ಕೇಳ್ಬೇಕಿತ್ತು ನಾನು," ಎಂದರು.

"ಕೇಳಿದ್ರೆ ಹೇಳ್ತಿದ್ದೆ."

ದೇವರ ಎತ್ತು ಎಂದರೆ ಆ ಕಡೆಯ ಹಟ್ಟಿಗಳವರಿಗೆ ಬಿಡಿಸಿ ಹೇಳಬೇಕಿಲ್ಲ. ದೇವರ ಹೆಸರಿಗೆ ಬಿಟ್ಟ ದನ. ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ದೊಡ್ಡಪಾಲಯ್ಯನ ಅಣ್ಣ ಓಬಯ್ಯ ಅವರ ಹಟ್ಟಿಯ ಕಿಲಾರಿ. ಹಿಂದೆ ಒಂದೊಂದು ವರ್ಷ ಮೇವಿಗೆಂದು ವರವು ಕಾವಲ್‌ ಹುಲ್ಲುಗಾವಲಿನವರೆಗೂ ದನ ಹೊಡೆದುಕೊಂಡು ಹೋಗುತ್ತಿದ್ದ. ಅಲ್ಲಿ ಸರ್ಕಾರದ ವಿಜ್ಞಾನ ಸಂಸ್ಥೆಗಳ ಗೋಡೆ ಎದ್ದ ಮೇಲೆ ಗುಡ್ಡದ ಬುಡದಲ್ಲೇ ಸುತ್ತುತ್ತಾನೆ.

"ಹಂಗಾದ್ರೆ ಏನು ಬರೀಲಿ ಹೇಳು," ಎಂದರು ಮೇಷ್ಟ್ರು.

ದೊಡ್ಡಪಾಲಯ್ಯ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಮಡಿಕೆಗಳಲ್ಲಿ ಹರಿದು ಅಂಟು ಹಾಕಿದ್ದ ಹಾಳೆ. ಏಳು ವರ್ಷದ ಹಿಂದಿನ ರಜಾ ಅರ್ಜಿ. ನಮ್ಮ ಮನೆಯಲ್ಲಿ ಸಾವಾಗಿರುವುದರಿಂದ ಒಂದು ದಿನ ರಜೆ ದಯಪಾಲಿಸಬೇಕು ಎಂದಿತ್ತು. ಅದರ ಮೇಲೆ ಅಡ್ಡಡ್ಡಲಾಗಿ, ದುಂಡಗಿನ ಕೆಂಪು ಅಕ್ಷರದಲ್ಲಿ: ಎತ್ತಿಗೆ ರಜೆ ಇಲ್ಲ. ಕೆಳಗೆ ರುಜು, ಪ್ರಭಾರ ಪ್ರಾಂಶುಪಾಲರು.

ಅಕ್ಷರ ಮೇಷ್ಟ್ರದೇ. ಜಿಲ್ಲೆಯಲ್ಲೇ ಅಷ್ಟು ಮುದ್ದಾದ ಅಕ್ಷರ ಇನ್ನೊಬ್ಬರದಿಲ್ಲ.

ಅದು ಅವರಿಗೆ ನೆನಪಿತ್ತು, ಬೇರೆ ರೀತಿಯಲ್ಲಿ ನೆನಪಿತ್ತು. ಪರೀಕ್ಷೆಯ ಸಮಯ, ಪ್ರಿನ್ಸಿಪಾಲರು ರಜೆಯಲ್ಲಿದ್ದರು. ಯಾರಪ್ಪ ತೀರಿಕೊಂಡಿದ್ದು ಎಂದು ಕೇಳಿದರೆ ಈತ ಮುತ್ತಯ್ಯ ಎಂದಿದ್ದ. ನಿನಗೇನಾಗಬೇಕು ಎಂದಾಗ ದೇವರ ಎತ್ತು ಸಾರ್ ಎಂದಿದ್ದ. ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತ್ತು. ಆ ನಗುವಿನಲ್ಲೇ ಕೆಂಪು ಪೆನ್ನು ತೆಗೆದಿದ್ದರು. ಆಮೇಲೆ ಎಷ್ಟು ಬೀಳ್ಕೊಡುಗೆಯಲ್ಲಿ, ಎಷ್ಟು ಮದುವೆಯ ಊಟದ ಸಾಲಿನಲ್ಲಿ ಇದೇ ಕಥೆ ಹೇಳಿ ನಗಿಸಿದ್ದರೋ. ಪರೀಕ್ಷೆಗೆ ಆಳು ಬೇಕಿತ್ತು, ನಿಜ. ನಗು ಬೇಕಿರಲಿಲ್ಲ.

"ಎತ್ತು ಸತ್ರೆ ಮನುಷ್ಯರಿಗೆ ಮಾಡ್ದಂಗೆ ಮಣ್ಣು ಮಾಡ್ತೀವಿ," ಎಂದ ದೊಡ್ಡಪಾಲಯ್ಯ. "ಮನೆಗೊಬ್ರು ಹೋಗಿ ಮಣ್ಣು ಹಾಕ್ಬೇಕು. ನಾನು ಕಿಲಾರಿ ತಮ್ಮ. ನಾನೇ ಹೋಗ್ಲಿಲ್ಲ. ನೌಕರಿ ಬಂದ್ಮೇಲೆ ಇವನಿಗೆ ದನ ಬ್ಯಾಡಾದ್ವು, ರಜೆನೂ ಕೇಳಿರಲ್ಲ ಇವನು ಅಂದ ಅಣ್ಣ. ಅವತ್ತಿಂದ ದನದ ರೊಪ್ಪದ ಒಳಗೆ ಬಿಟ್ಟಿಲ್ಲ ಸಾರ್. ಹಬ್ಬಕ್ಕೆ ಹೋದ್ರೂ ಬೇಲಿ ಆಚೆ ನಿಂತು ನೋಡಿ ಬರ್ತೀನಿ."

"ಈ ಹಾಳೆ ತೋರಿಸ್ಬಹುದಿತ್ತಲ್ಲ ನೀನು?"

"ಅಣ್ಣನಿಗೆ ಓದಾಕೆ ಬರಲ್ಲ. ಓದ್ಬೇಕಾದೋರು ನಮ್ಮ ಹಟ್ಟಿ ಹುಡುಗ್ರು. ಎಲ್ಲಾ ನಿಮ್ಮ ಹತ್ರನೇ ಕನ್ನಡ ಕಲಿಯೋರು. ನಿಮ್ಮ ಅಕ್ಷರ ಅವರಿಗೆ ಗೊತ್ತಾಗ್ತೈತೆ. ನಾಳೆ ನಿಮ್ಮ ಪಾಠ ಹೆಂಗೆ ಕೇಳ್ತಾರೆ ಅಂತ ಸುಮ್ನಾದೆ."

ಮೇಷ್ಟ್ರು ಹಾಳೆಯನ್ನೇ ನೋಡುತ್ತಿದ್ದರು.

"ಒಂದನೇ ತಾರೀಖಿಂದ ನನಗೆ ಬೆಲ್ ಇಲ್ಲ. ಅಣ್ಣನ ಜತೆ ದನ ಕಾಯೋಕೆ ಹೋಗ್ಬೇಕು ಅಂತ ಆಸೆ. ನಾನು ರಜೆ ಕೇಳಿದ್ದೆ, ಕೊಡಲಿಲ್ಲ, ಅಷ್ಟು ಬರೀರಿ ಸಾರ್. ಎಲ್ಲರ ಎದುರಿಗೆ ಓದಿದ್ರೆ ಅವನು ನಂಬ್ತಾನೆ."

ಶನಿವಾರ ಮೇಷ್ಟ್ರು ಮನೆಯಲ್ಲಿ ಕೂತು ಒಂದೇ ಪುಟ ಬರೆದರು. ಈ ಸಲ ಮನುಷ್ಯ ಅದರೊಳಗಿದ್ದ. ಹುಟ್ಟಿದ ಹಟ್ಟಿ, ಹೆಂಡತಿ ಯರ್ರಮ್ಮ, ಮಳೆಯಲ್ಲಿ ಸೋರುವ ಕೋಣೆಯಿಂದ ಉತ್ತರ ಪತ್ರಿಕೆಯ ಕಟ್ಟುಗಳನ್ನು ಹೊತ್ತು ಉಳಿಸಿದ್ದು. ಮುತ್ತಯ್ಯನ ಸಾವು. ಕೊನೆಗೆ, ರಜೆ ಕೇಳಿದರೂ ಓಂಕಾರಮೂರ್ತಿ ಎಂಬ ನಾನು ನಕ್ಕು ನಿರಾಕರಿಸಿದೆ, ಎಂದು. ಬರೆದ ಸಾಲನ್ನು ನಾಲ್ಕು ಸಲ ಓದಿದರು. ಇನ್ನೊಬ್ಬರ ಲೋಟದ ಬಗ್ಗೆ ಮೂರು ಪುಟ ಕ್ಷಮೆ ಕೇಳಿದ್ದ ಕೈಗೆ ಈ ಒಂದು ಸಾಲು ಹೊರಲಾಗಲಿಲ್ಲ. ಅದನ್ನು ಹೊಡೆದುಹಾಕಿ, ಆಡಳಿತಾತ್ಮಕ ಕಾರಣಗಳಿಂದ ರಜೆ ದೊರೆಯದ ಸಂದರ್ಭದಲ್ಲೂ ಕರ್ತವ್ಯನಿಷ್ಠೆ ಮೆರೆದವರು, ಎಂದು ತಿದ್ದಿದರು. ಅಚ್ಚು ಕೈಗೆ ಬಂದಿತ್ತು. ಫೋಟೋ ತೆಗೆದು ಡಿ.ಟಿ.ಪಿ. ಅಂಗಡಿಯ ಕಿರಣ್‌ಕುಮಾರನಿಗೆ ವಾಟ್ಸಾಪ್ ಮಾಡಿದರು. ಸುತ್ತ ಹೂಬಳ್ಳಿಯ ಬಾರ್ಡರ್ ಹಾಕಿ ಫ್ರೇಮು ಮಾಡಿಸಿ ಇಡು ಎಂದರು.

ಮೂವತ್ತೊಂದರ ಮಧ್ಯಾಹ್ನ ಕಾಲೇಜಿನ ದೊಡ್ಡ ಕೋಣೆಯಲ್ಲಿ ಕಾರ್ಯಕ್ರಮ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ದೊಡ್ಡಪಾಲಯ್ಯನ ತಲೆಗೆ ಪೇಟ ದೊಡ್ಡದಾಗಿ ಕಿವಿ ಮುಚ್ಚಿತ್ತು. ಮುಂದಿನ ಸಾಲಿನಲ್ಲಿ ಯರ್ರಮ್ಮ, ಅವಳ ಪಕ್ಕ ಓಬಯ್ಯ. ಕಂಬಳಿ ಹೊದ್ದು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಕೋಲನ್ನು ಮೊಣಕಾಲ ಮಧ್ಯೆ ಇಟ್ಟುಕೊಂಡು ಕೂತಿದ್ದ. ಟೀ ಕೊಡಲು ಬಂದರೆ ತಲೆ ಅಲ್ಲಾಡಿಸಿದ. ಪ್ರಿನ್ಸಿಪಾಲ್ ಚಂದ್ರಶೇಖರ್ ಗಡಿಯಾರ ನೋಡುತ್ತ ಎರಡು ಮಾತಾಡಿದರು.

ಮೇಷ್ಟ್ರು ಫ್ರೇಮು ಹಿಡಿದು ಓದಿದರು. ಮುತ್ತಯ್ಯನ ಹೆಸರು ಬಂದಾಗ ಹಿಂದಿನ ಸಾಲಲ್ಲಿದ್ದ ಉಪನ್ಯಾಸಕರಿಬ್ಬರು ಹಳೆಯ ಅಭ್ಯಾಸದಿಂದ ನಕ್ಕರು. ಹಟ್ಟಿಯ ಮಕ್ಕಳು ತಿರುಗಿ ಅವರನ್ನೇ ನೋಡಿದರು. ಓದು ಮುಂದುವರಿದು, ಆಡಳಿತಾತ್ಮಕ ಕಾರಣ ದಾಟಿ, ಭಗವಂತನು ಆಯುರಾರೋಗ್ಯ ಕರುಣಿಸಲಿ ಎಂಬಲ್ಲಿ ಮುಗಿಯಿತು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಓಬಯ್ಯ ಕೂತಲ್ಲಿಂದಲೇ ಕೇಳಿದ. "ಅಯ್ಯ, ಇವನು ರಜೆ ಕೇಳಿದ್ದು ದಿಟನಾ?"

"ದಿಟ."

"ಕೊಡದಂಗೆ ಮಾಡಿದೋರು ಯಾರು? ಅದನ್ನ ಓದ್ಲಿಲ್ಲ ನೀವು."

ಚಂದ್ರಶೇಖರ್ ಮೈಕಿನ ಕಡೆ ಬಾಗಿ, "ಹಿರಿಯರೇ, ಅದೆಲ್ಲಾ ಹಳೇದು, ಆಮೇಲೆ ಮಾತಾಡೋಣ," ಎಂದರು. ಓಬಯ್ಯ ಅವರ ಕಡೆ ನೋಡಲೂ ಇಲ್ಲ. ಹೆಸರು ಹೇಳದ ಮಾತನ್ನು ಅವನು ಮಾತೆಂದು ಎಣಿಸುವವನಲ್ಲ. ಅವನ ರೊಪ್ಪದಲ್ಲಿ ಕರುವಿಗೂ ಹೆಸರಿದೆ. ಕಾರಣಗಳಿಂದ ರಜೆ ದೊರೆಯಲಿಲ್ಲ ಎಂದರೆ, ತಮ್ಮನೇ ಹೇಳಿಕೊಟ್ಟು ಬರೆಸಿದ್ದು ಎಂದೇ ಅವನ ಲೆಕ್ಕ. ವೇದಿಕೆಯ ಮೇಲೆ ದೊಡ್ಡಪಾಲಯ್ಯ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನಾಗಿ ಬಾಯಿ ಬಿಡುವುದಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಏಳು ವರ್ಷ ಬಿಟ್ಟಿರಲಿಲ್ಲ.

"ನಾನೇ," ಎಂದರು ಓಂಕಾರಮೂರ್ತಿ. "ನಾನೇ ಕೊಡಲಿಲ್ಲ. ಅರ್ಜಿ ಮೇಲೆ ಎತ್ತಿಗೆ ರಜೆ ಇಲ್ಲ ಅಂತ ಬರ್ದೆ. ನಕ್ಕೆ."

ಓಬಯ್ಯ ಯರ್ರಮ್ಮನ ಕಡೆ ಬಾಗಿ ತೆಲುಗಿನಲ್ಲಿ, "ಈ ಅಯ್ಯೇನಾ?" ಎಂದ. ಈ ಅಯ್ಯನೇ, ಎಂಬಂತೆ ಅವಳು ತಲೆಯಾಡಿಸಿದಳು. ಓಬಯ್ಯ ಮೇಷ್ಟ್ರನ್ನು, ಕೊಳ್ಳಲು ಬಂದವನು ಹೋರಿಯನ್ನು ನೋಡುವಂತೆ, ಕಾಲಿಂದ ತಲೆಯವರೆಗೆ ನಿಧಾನವಾಗಿ ನೋಡಿದ. ಬೈಯುತ್ತಾನೆ ಎಂದು ಎಲ್ಲರೂ ಕಾದರು. ಬೈಯಲಿಲ್ಲ.

"ಹಂಗಾದ್ರೆ ಅದನ್ನೂ ಅದರಾಗೆ ಬರೀರಿ. ಹಟ್ಟಿಗೆ ಹೋದ್ಮೇಲೆ ನೀವು ಇರಲ್ಲ. ಆ ಹಾಳೆ ಇರ್ತೈತೆ."

ಮೇಷ್ಟ್ರು ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹಿಂದಿನ ರಟ್ಟಿಗೆ ನಾಲ್ಕು ಸಣ್ಣ ಮೊಳೆ. ಉಗುರಿಗೆ ಬರಲಿಲ್ಲ. ದೊಡ್ಡಪಾಲಯ್ಯ ವೇದಿಕೆಯಲ್ಲೇ ಎದ್ದು, ಸೊಂಟದಲ್ಲಿ ಇನ್ನೂ ಇದ್ದ ಕಾಲೇಜಿನ ಬೀಗದ ಕೈಗೊಂಚಲು ತೆಗೆದು, ಚಿಕ್ಕ ಕೀಲಿಯಿಂದ ಒಂದೊಂದಾಗಿ ಎಬ್ಬಿಸಿಕೊಟ್ಟ. ಮೇಷ್ಟ್ರು ಹಾಳೆ ಹೊರತೆಗೆದರು. ಹೂಬಳ್ಳಿಯ ಬಾರ್ಡರಿನ ಒಳಗೆ ಜಾಗ ಇರಲಿಲ್ಲ. ಆಡಳಿತಾತ್ಮಕ ಕಾರಣವನ್ನು ಉದ್ದಕ್ಕೂ ಗೀಟು ಹಾಕಿ ಹೊಡೆದರು. ಅದರ ಮೇಲೆ, ಎರಡು ಸಾಲಿನ ಸಂದಿಯಲ್ಲಿ, ತಮ್ಮ ಹೆಸರು, ಮಾಡಿದ್ದು, ತಾರೀಖು ಬರೆದರು. ಜೇಬಿನಲ್ಲಿದ್ದದ್ದು ಕೆಂಪು ಪೆನ್ನೇ. ಬರೆದ ಮೇಲೆ ಗಟ್ಟಿಯಾಗಿ ಓದಿದರು. ಕೆಳಗೆ ರುಜು ಮಾಡಿದರು. ಈ ಸಲ ಅಕ್ಷರ ಅಷ್ಟೇನೂ ಮುದ್ದಾಗಿ ಬಂದಿರಲಿಲ್ಲ.

ಓಬಯ್ಯ ಕೋಲೂರಿ ಎದ್ದ. ತಮ್ಮನಿಗೆ ಹೇಳಿದ್ದು ಒಂದೇ ಮಾತು. "ನಾಳೆ ತಲೆಗೆ ನೀರು ಹಾಕ್ಕೊಂಡು ಬಾ. ದನ ಹೊಡಿಯೋ ಹೊತ್ತಿಗೆ ಬರ್ಬೇಕು."

ಮೇಷ್ಟ್ರ ಪಕ್ಕದಲ್ಲೇ ಹಾದು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಕೋಣೆ ಖಾಲಿಯಾದ ಮೇಲೆ ಇಬ್ಬರೂ ಸೇರಿ ಫ್ರೇಮಿನ ರಟ್ಟು ಕೂರಿಸಿದರು. ಮೂರು ಮೊಳೆ ಹಿಡಿದವು. ನಾಲ್ಕನೆಯದು ಬಾಗಿಹೋಗಿತ್ತು.

"ಬಿಡ್ರಿ ಸಾರ್," ಎಂದ ದೊಡ್ಡಪಾಲಯ್ಯ. "ಲೋಟದ ಮೊಳೆ ಐತಲ್ಲ ಸ್ಟಾಫ್ ರೂಮಿನಾಗೆ. ಅದನ್ನೇ ಕಿತ್ಕೊಂಡು ಬರ್ತೀನಿ. ಇನ್ನು ಅಲ್ಲಿ ಯಾತಕ್ಕೆ ಅದು."

"ಅದು ದೊಡ್ಡದಾಗ್ತೈತೆ ಕಣಪ್ಪ ಇದಕ್ಕೆ."

"ಆಗ್ಲಿ ಬಿಡ್ರಿ. ಇದನ್ನ ತೂಗುಹಾಕಾಕೆ ಮನೆ ಗೋಡೆಗೆ ಹೊಡಿಯಾಕಾದ್ರೂ ಬೇಕಲ್ಲ," ಎಂದು ಅವನು ಹೋದ.