ಅತ್ತೆ ಕಾದಿದ್ದ ಸಿನಿಮಾ

ಸೂಜಿಗೆ ದಾರ ಪೋಣಿಸುವಾಗ ನಮ್ಮತ್ತೆ ದಾರದ ತುದಿಯನ್ನು ತುಟಿಯಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡು, ಸೂಜಿಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಬಲಗಣ್ಣು ಮುಚ್ಚುತ್ತಿದ್ದರು. ಅಂದೂ ಹಾಗೇ ಮಾಡಿದರು. ದಾರ ಒಂದೇ ಸಲಕ್ಕೆ ಹೋಯಿತು. ಬಲಗಣ್ಣು ಮುಚ್ಚುವುದು ಬರೀ ಅವರ ರೂಢಿಯೆಂದು ನಾನು ತಿಳಿದಿದ್ದೆ.

ರಾಣೇಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಜಂಪರು ಹೊಲಿಯುತ್ತೇನೆ. ಹುಕ್ಕು ಹಚ್ಚುವುದು, ಕೈಹೊಲಿಗೆ ಹಾಕುವುದು ಅತ್ತೆಯ ಪಾಲಿನ ಕೆಲಸ. ಅಂದು ಒಂದು ಜಂಪರನ್ನು ತೊಡೆಯ ಮೇಲೆ ಹರವಿಕೊಂಡು ಕೇಳಿದರು.

"ಇದು ಯಾರ್ದವಾ? ನಾ ಹುಕ್ಕು ಹಚ್ಚಿ ಏನುಪಯೋಗ? ಆಕಿ ಊಟಾ ಬಿಟ್ರ ಅಷ್ಟ ಹತ್ತತಾವ."

"ಸುಮ್ನಿರ್ರಿ ಅತ್ತಿ, ಆಕಿ ಕೇಳಿದ್ರ ಗಿರಾಕಿ ಹೋಗ್ತದ."

"ಹೋಗ್ಲಿ ಬಿಡು. ಮುಂದಿನ ಓಣಿ ಮುಟ್ಟೂದ್ರಾಗ ದಮ್ಮ ಹತ್ತಿ ತಿರಗಿ ಬರ್ತಾಳ."

ಇಬ್ಬರೂ ನಕ್ಕೆವು. ಮಧ್ಯಾಹ್ನ ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿದರು. ಹಾಲಿನವನ ಜೊತೆ ಎಂದಿನಂತೆ ಜಗಳವಾಡಿದರು. ಏನೂ ವಿಶೇಷವಿಲ್ಲದ ದಿನ. ಅಂಥ ದಿನ ಮತ್ತೆ ಬರಲಿಲ್ಲ.

ಸಂಜೆ ನಮ್ಮನೆಯವರು ತಾವು ಕೆಲಸ ಮಾಡುವ ಇಲೆಕ್ಟ್ರಿಕ್ ಅಂಗಡಿಯಿಂದ ಬಂದವರು, ಚಪ್ಪಲಿ ಬಿಡುವುದಕ್ಕೂ ಮೊದಲು ಫೋನು ತೆಗೆದರು. ಹಳೆಯ ಸಿನಿಮಾಗಳ ರೀಲು ಹುಡುಕಿ, ಕೊಳೆ ಗೀರು ತೆಗೆದು ಸರಿಮಾಡಿ, ಮನೆಯಲ್ಲಿ ನೋಡುವಂತೆ ಡಿಸ್ಕು ಮಾಡಿ ಮಾರುವ ಕಂಪನಿಯೊಂದಿದೆಯಂತೆ. ಮುಂದೆ ಬರಲಿರುವ ಚಿತ್ರಗಳ ಹೆಸರನ್ನು ಆ ಕಂಪನಿಯವರು ಪ್ರಕಟಿಸಿದ್ದರು. ಅದರಲ್ಲಿ ಅತ್ತೆ ಕಾದಿದ್ದ ಆ ಸಿನಿಮಾ ಇತ್ತು.

"ಖರೇನ?" ಎಂದು ಅತ್ತೆ ಮಗನನ್ನು ಕೇಳಿದರು. ಕೈಯಲ್ಲಿದ್ದ ಜಂಪರು ಕೆಳಗೆ ಬಿತ್ತು. "ಸುಳ್ಳ ಹೇಳಬ್ಯಾಡ ತಮ್ಮಾ, ಖರೇನ?"

ಆ ಸಿನಿಮಾ ಯಾಕೆ ಅಷ್ಟು ಮುಖ್ಯ ಎಂಬುದನ್ನು ಹೇಳಬೇಕು.

ಅತ್ತೆಯ ತವರು ಬ್ಯಾಡಗಿ. ಅವರ ತಾಯಿ ಮೆಣಸಿನಕಾಯಿ ಅಂಗಳದಲ್ಲಿ ಕೂಲಿ ಮಾಡುತ್ತಿದ್ದವರು. ಒಣಗಿದ ಕಾಯಿಯ ತೊಟ್ಟು ಮುರಿಯುವುದು, ಅಲ್ಲಿಯವರು ತುಂಬು ಬಿಡಿಸುವುದು ಎನ್ನುತ್ತಾರೆ, ಅದು ಹೆಂಗಸರ ಕೆಲಸ. ಅತ್ತೆ ಚಿಕ್ಕ ಹುಡುಗಿಯಾಗಿದ್ದಾಗ ಒಂದು ಸಿನಿಮಾದವರು ಬಂದು ಆ ಅಂಗಳದಲ್ಲಿ ಚಿತ್ರ ತೆಗೆದರು. ಕೆಲಸ ಮಾಡುತ್ತಿದ್ದ ಹೆಂಗಸರನ್ನು ಹಾಗೇ ಕೂರಿಸಿ, ನಡುವೆ ನಾಯಕಿಯನ್ನು ಓಡಾಡಿಸಿದರು. ಮಾತು, ಗದ್ದಲ ಎಲ್ಲವನ್ನೂ ಅಲ್ಲೇ ಯಂತ್ರದಲ್ಲಿ ಹಿಡಿದುಕೊಂಡರು. ಅಡ್ಡ ಹಗ್ಗ ಕಟ್ಟಿ ಮಕ್ಕಳನ್ನು ಅದರಾಚೆ ನಿಲ್ಲಿಸಿದ್ದರು. ಸಿನಿಮಾ ರಾಣೇಬೆನ್ನೂರಿನ ಟಾಕೀಜಿಗೆ ಬರುವ ಹೊತ್ತಿಗೆ ಆ ತಾಯಿ ಎದೆಯ ಬೇನೆಯಿಂದ ತೀರಿಕೊಂಡಿದ್ದರು. ಅವರ ಒಂದು ಫೋಟೋ ಕೂಡ ಇರಲಿಲ್ಲ. ಮದುವೆಯಲ್ಲೂ ತೆಗೆಸಿರಲಿಲ್ಲ.

ಅತ್ತೆಯನ್ನು ಅವರ ಚಿಗವ್ವ, ಎಂದರೆ ಚಿಕ್ಕಮ್ಮ, ಆ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಇದನ್ನು ಅತ್ತೆ ಅನೇಕ ಸಲ ಹೇಳಿದ್ದರು, ಪ್ರತಿ ಸಲ ಅವೇ ಮಾತುಗಳಲ್ಲಿ. "ಅಂಗಳದ ಸೀನು ಬಂತು ನೋಡು, ನಾ ಎದ್ದು ನಿಂತು ಅವ್ವಾ ಅಂತ ಒದರಿದೆ. ಹಿಂದಿನವ್ರು ಬೈದ್ರು. ಚಿಗವ್ವ ಲಂಗ ಹಿಡದು ಜಗ್ಗಿ ಕುಂದ್ರಿಸಿದ್ಲು. ತಿರಗಿ ನೋಡೂದ್ರೊಳಗ ಬ್ಯಾರೆ ಸೀನು." ಮತ್ತೊಮ್ಮೆ ಹೋಗೋಣ ಎಂದು ಅತ್ತರೆ, ಸತ್ತವರನ್ನು ಮತ್ತೆ ಮತ್ತೆ ನೋಡಬಾರದು ಎಂದು ಚಿಗವ್ವ ಒಪ್ಪಲಿಲ್ಲ. ಆ ಸಿನಿಮಾ ಕೆಲವೇ ದಿನ ಓಡಿ ಹೋಯಿತು. ಆಮೇಲೆ ಯಾವ ಟಾಕೀಜಿಗೂ ಬರಲಿಲ್ಲ, ಟೀವಿಯಲ್ಲೂ ಬರಲಿಲ್ಲ.

ಅತ್ತೆ ಸಿನಿಮಾ ನೋಡುವ ರೀತಿಯೇ ಬೇರೆ. ನಾಯಕ, ನಾಯಕಿ ಯಾರೆಂದು ಅವರಿಗೆ ಬೇಕಿರಲಿಲ್ಲ. ಸಂತೆ, ಮದುವೆ, ಬಸ್‌ಸ್ಟ್ಯಾಂಡು ಬಂದರೆ ಮುಂದಕ್ಕೆ ಬಾಗಿ ಕೂರುತ್ತಿದ್ದರು. "ಹಿಂದಿನಾಕಿನ್ನ ನೋಡವಾ, ಕೂಸು ಅಳಾಕತ್ತದ, ಆಕೀಗೆ ಖಬರಿಲ್ಲ, ಕ್ಯಾಮರಾ ನೋಡಾಕತ್ತಾಳ." ನಾಯಕಿ ಇತ್ತ ಕಣ್ಣೀರು ಸುರಿಸುತ್ತಿದ್ದರೆ ಇವರು ಅತ್ತ ಬಾಳೆಹಣ್ಣು ಮಾರುವವಳ ಬುಟ್ಟಿ ನೋಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಮಾಷೆಯೆನಿಸುತ್ತಿತ್ತು. ಕಾರಣ ತಿಳಿದ ಮೇಲೆ ನಾನೂ ಹಿಂದಿನವರನ್ನು ನೋಡುವುದು ಕಲಿತೆ.

ಡಿಸ್ಕು ದೀಪಾವಳಿಗೆ ಬರುತ್ತದೆ ಎಂದು ಕಂಪನಿಯವರು ಹಾಕಿದ್ದರು. ನಮ್ಮನೆಯವರು ಗುರುತಿನವರಿಂದ ಒಂದು ಹಳೆಯ ಪ್ಲೇಯರು ತಂದು, ಬಿಚ್ಚಿ ಒರೆಸಿ, ಟೀವಿಗೆ ಜೋಡಿಸಿಟ್ಟರು. ಆದರೆ ಅದೇ ವಾರ ಅತ್ತೆಯ ಸೂಜಿಗೆ ದಾರ ಹೋಗಲಿಲ್ಲ. ಬಾಗಿಲಿಗೆ ಹಿಡಿದರು, ಹಿತ್ತಲಿಗೆ ಒಯ್ದು ಬಿಸಿಲಿಗೆ ಹಿಡಿದರು. ಕಡೆಗೆ ನನ್ನ ಮುಂದೆ ಇಟ್ಟರು.

"ಹೊಗಿ ತುಂಬಿದಂಗ ಆಗೇತವಾ. ನೀನ ಏರಸು."

ಹಾವೇರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಲಗಣ್ಣು ಹೋಗಿ ವರ್ಷಗಳೇ ಆಗಿವೆ, ನಿಮಗೆ ಗೊತ್ತಿರಲಿಲ್ಲವೇ ಎಂದು ಡಾಕ್ಟರು ನಮ್ಮನ್ನೇ ಕೇಳಿದರು. ಎಡಗಣ್ಣಿನ ನರವೂ ಒಣಗುತ್ತಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಆದಷ್ಟು ಕಾಪಾಡೋಣ ಎಂದರು.

"ಸಿನಿಮಾ ಬರೂತನಕ ಉಳೀತದೇನ್ರಿ ಸಾಹೇಬ್ರ?" ಎಂದರು ಅತ್ತೆ.

"ಯಾವ ಸಿನಿಮಾ ಅಮ್ಮಾ?"

ಅತ್ತೆ ಅಂಗಳದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಔಷಧದ ಹನಿ ಬರೆದುಕೊಟ್ಟರು.

ಒಂದು ಶನಿವಾರ ಅತ್ತೆ ಕದರಮಂಡಲಗಿಯ ಗುಡಿಗೆ ಹೋಗಬೇಕೆಂದರು. ಹನುಮಪ್ಪನ ಎದುರು ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. "ಕಣ್ಣು ಕೊಡಂತ ಕೇಳಾಕ ಬಂದಿಲ್ಲಪಾ. ಇದ್ದದ್ದು ಸ್ವಲ್ಪ ತಡಿ. ಆಮ್ಯಾಲ ನೀನ ಇಟ್ಕೋ."

ದೀಪಾವಳಿಗೆ ಡಿಸ್ಕು ಬರಲಿಲ್ಲ. ಸಂಕ್ರಾಂತಿಗೆ ಎಂದರು. ಸಂಕ್ರಾಂತಿ ಕಳೆದ ಮೇಲೆ ದಿನವನ್ನೇ ತೆಗೆದು, ಶೀಘ್ರದಲ್ಲಿ ಎಂದು ಹಾಕಿದರು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ನಡೆಯತೊಡಗಿದ್ದರು. ಉಣ್ಣುವಾಗ ಪಲ್ಯ ಯಾವ ಕಡೆ ಇದೆ ಎಂದು ಕೇಳುತ್ತಿರಲಿಲ್ಲ, ಬೆರಳಿನಿಂದ ತಾಟು ಸವರಿ ಹುಡುಕುತ್ತಿದ್ದರು. ಕೇಳಿದರೆ ಕಣ್ಣು ಹೋಯಿತೆಂದು ಒಪ್ಪಿಕೊಂಡಂತೆ ಆಗುತ್ತದೆ ಎಂದಿರಬೇಕು.

ನಾನು ಕಂಪನಿಗೆ ಫೋನು ಮಾಡಿದೆ. ಬೆಂಗಳೂರಿನಿಂದ ಒಬ್ಬ ತರುಣ ಮಾತಾಡಿದ.

"ಚಿತ್ರದ ಕೆಲಸ ಮುಗ್ದಿದೆ ಮೇಡಂ. ಸೌಂಡ್ ಇನ್ನೂ ಕ್ಲೀನ್ ಆಗ್ತಾ ಇದೆ. ಅದು ಮುಗೀದೆ ರಿಲೀಸ್ ಮಾಡೋಕಾಗಲ್ಲ."

"ಸೌಂಡ್ ಬ್ಯಾಡ್ರಿ ನಮಗ," ಎಂದೆ. "ಚಿತ್ರ ಅಷ್ಟ ಕೊಡ್ರಿ. ಅಂಗಳದ್ದೊಂದ ಸೀನು ಕೊಟ್ರೂ ಸಾಕು. ನಮ್ಮತ್ತಿ ಕಣ್ಣು ಹೊಂಟಾವ್ರಿ."

"ಹಾಗೆಲ್ಲ ಹೊರಗೆ ಕೊಡೋ ಹಾಗಿಲ್ಲ ಮೇಡಂ."

ನಾನು ಅತ್ತುಬಿಟ್ಟೆ. ಗುರುತಿಲ್ಲದವನ ಕಿವಿಯಲ್ಲಿ ಅಷ್ಟು ಅತ್ತದ್ದು ಅದೇ ಮೊದಲು. ಆತ ಫೋನು ಇಡಲಿಲ್ಲ. ನನ್ನ ಅಳು ನಿಂತ ಮೇಲೆ, ವಿಚಾರಿಸಿ ನೋಡುತ್ತೇನೆ ಎಂದ. ಆಮೇಲೆ ಮತ್ತೆ ಮತ್ತೆ ಕರೆ ಮಾಡಿ ಅವನಿಗೆ ಬೇಸರ ತರಿಸಿದೆ. ಕೊನೆಗೊಂದು ಮುಂಜಾನೆ, ಪ್ರಚಾರಕ್ಕೆಂದು ತೆಗೆದದ್ದು ಎಂದು ಅಂಗಳದ ಒಂದು ಫೋಟೋ ಕಳಿಸಿದ.

ಕೆಂಪೆಂದರೆ ಅಂಥ ಕೆಂಪು. ನೆಲವೆಲ್ಲ ಮೆಣಸಿನಕಾಯಿ. ಸಾಲಾಗಿ ಕೂತ ಹೆಂಗಸರು. ನಮ್ಮನೆಯವರು ಅದನ್ನು ಟೀವಿಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಅತ್ತೆ ಎದ್ದು ಹೋಗಿ ಟೀವಿಗೆ ಮೂಗು ಹಚ್ಚಿ ನಿಂತರು. ತಲೆಯನ್ನು ಎಡಕ್ಕೆ, ಬಲಕ್ಕೆ ಹೊರಳಿಸಿದರು.

"ಕೆಂಪು ಐತಿ," ಎಂದರು. "ಕೆಂಪಷ್ಟ ಐತಿ."

ಕುರ್ಚಿಗೆ ಮರಳಿ ಕೂತು, ನನ್ನ ಕೈ ಹಿಡಿದರು. "ನೀ ಹೇಳವಾ. ಎಡಗಡಿಂದ ಒಬ್ಬೊಬ್ಬರ್ನ ಹೇಳ್ಕೋತ ಬಾ."

"ಮೊದಲ್ನೇದಾಕಿ ಭಾಳ ದಪ್ಪ ಅದಾಳ್ರಿ."

"ಬ್ಯಾಡ, ಮುಂದ."

"ಈಕಿ ಮೂಗು ಬಾಯಿಗೆ ಅರಿವಿ ಕಟ್ಕೊಂಡಾಳ. ಕಣ್ಣಷ್ಟ ಕಾಣಸ್ತಾವ."

"ಕಣ್ಣು ಹೆಂಗದಾವ?"

"ಕಣ್ಣು... ಕಣ್ಣಿನಂಗ ಅದಾವ್ರಿ ಅತ್ತಿ."

"ಊರ ಮಂದಿ ಅಳತಿ ತಗೋತಿ, ಒಂದು ಕಣ್ಣಿನ ಅಳತಿ ಹೇಳಾಕ ಬರಂಗಿಲ್ಲ ನಿನಗ," ಎಂದರು. ನಗು ಬಂತು ಅವರಿಗೆ. ಆದರೆ ಕೈಯ ಹಿಡಿತ ಸಡಿಲಾಗಲಿಲ್ಲ.

ನಮ್ಮನೆಯವರಿಗೆ ತಡೆಯಲಾಗಲಿಲ್ಲ. "ಅವ್ವಾ, ಈ ಮೂಲ್ಯಾಗ ಕುಂತಾಕಿದು ಅರಿವಿ ಜಾರೇತಿ ನೋಡು. ಈಕಿನ ಇರಬೇಕು. ಮೂಗು ಥೇಟ್ ನಿನ್ನಂಗ ಐತಿ."

"ನನ್ನ ಮೂಗು ನಮ್ಮಪ್ಪಂದು. ನನಗ ಸಮಾಧಾನ ಹೇಳಬ್ಯಾಡ ತಮ್ಮಾ. ನೀ ಅಂದ್ರ ಬ್ಯಾಡಗಿ ಕಾಯಿ, ಬಣ್ಣ ಐತಿ, ಖಾರಿಲ್ಲ."

ಸಾಲು ಮುಗಿಯಿತು. ಹೆಚ್ಚುಕಡಿಮೆ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿದ್ದರು. ಕಟ್ಟದೆ ಆ ಘಾಟಿನಲ್ಲಿ ಕೂರಲಾಗುವುದಿಲ್ಲ. ಆಗ ನನಗೆ ಹೊಳೆದು ಕೇಳಿದೆ. "ಎಲ್ಲಾರೂ ಮಾರಿ ಮುಚ್ಚ್ಯಾರಲ್ರಿ ಅತ್ತಿ. ಟಾಕೀಜಿನ್ಯಾಗ ನೀವು ಹೆಂಗ ಗುರ್ತ ಹಿಡದ್ರಿ?"

"ಮಾರಿ ನಾ ಎಲ್ಲಿ ನೋಡಿದೆ?" ಎಂದರು, ನನ್ನ ಪ್ರಶ್ನೆಯೇ ವಿಚಿತ್ರವೆಂಬಂತೆ. "ಅವ್ವ ಕೆಮ್ಮಿದ್ಲು. ಕೇಳಿ ಎದ್ದೆ."

ಅಂಗಳದ ಮಕ್ಕಳೆಲ್ಲ ಹಾಗೇ ಅಂತೆ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದರೆ, ಅಷ್ಟೊಂದು ಮುಚ್ಚಿದ ಮುಖಗಳಲ್ಲಿ ತನ್ನ ತಾಯಿ ಯಾರೆಂದು ಹುಡುಕುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದರು. ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದರು. ತನ್ನ ತಾಯಿಯ ಕೆಮ್ಮು ಬಂದ ಕಡೆ ನೇರ ನಡೆದು ಹೋಗುತ್ತಿದ್ದರು. ಯಾರೂ ತಪ್ಪುತ್ತಿರಲಿಲ್ಲ.

"ಹೆಂಗಿತ್ರಿ ಆ ಕೆಮ್ಮು?"

ಅತ್ತೆ ಬಾಯಿ ತೆರೆದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಬಾಯಿ ಮುಚ್ಚಿ ತಲೆ ಅಲ್ಲಾಡಿಸಿದರು. "ಮಾಡಿ ತೋರ್ಸಾಕ ಬರಂಗಿಲ್ಲವಾ. ಕೇಳಿದ್ರ ಹೇಳತೇನಿ."

ತಕ್ಷಣ ಬೆಂಗಳೂರಿಗೆ ಫೋನು ಹಚ್ಚಿದೆ. ನಮಗೆ ಚಿತ್ರ ಬೇಡ, ಸೌಂಡ್ ಬೇಕು ಎಂದೆ.

"ಮೇಡಂ, ಅವತ್ತು ಸೌಂಡ್ ಬೇಡ ಅಂದ್ರಿ."

ವಿಷಯ ಹೇಳಿದೆ. ನಾಯಕಿಯ ಮಾತು ಸ್ಪಷ್ಟವಾಗಿ ಕೇಳಲೆಂದು ಆ ದೃಶ್ಯದ ಹಿಂದಿನ ಗದ್ದಲವನ್ನೆಲ್ಲ ಇಳಿಸಿದ್ದಾರಂತೆ. ಕೆಮ್ಮಿದ್ದು, ಸೀನಿದ್ದು ಏನೂ ಈಗ ಕೇಳುವುದಿಲ್ಲವಂತೆ. "ಅದು ಡಿಸ್ಟರ್ಬ್ ಆಗುತ್ತೆ ಅಂತ ತೆಗೆದಿದ್ದಾರೆ ಮೇಡಂ," ಎಂದ. ಕ್ಲೀನ್ ಮಾಡುವುದಕ್ಕೂ ಮೊದಲಿನದು ಬೇರೆಯವರ ಹತ್ತಿರ ಇದೆ, ಕೇಳಿ ತರಿಸುತ್ತೇನೆ, ಕೆಲವು ದಿನ ಕೊಡಿ ಎಂದ.

ಅತ್ತೆ ಆ ದಿನಗಳನ್ನು ಫೋನಿನ ಪಕ್ಕದಲ್ಲಿ ಕೂತು ಕಳೆದರು. ಯಾರದೇ ಕರೆ ಬಂದರೂ "ಅವನ ಏನ?" ಎನ್ನುತ್ತಿದ್ದರು. ಊಟ ಕಡಿಮೆಯಾಯಿತು. ಪಡಸಾಲೆಯಲ್ಲಿ ನನ್ನ ಮಶಿನು ಓಡುತ್ತಿದ್ದರೆ, "ಸ್ವಲ್ಪ ನಿಲ್ಲಸವಾ, ಫೋನು ಬಂದ್ರ ಕೇಳಂಗಿಲ್ಲ," ಎನ್ನುತ್ತಿದ್ದರು. ನಾನು ನಿಲ್ಲಿಸುತ್ತಿದ್ದೆ. ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು.

ಜ್ವರ ಬಂತು. ಎದೆಗೆ ಇಳಿಯಿತು. ಹಾವೇರಿಯ ಆಸ್ಪತ್ರೆಗೆ ಸೇರಿಸಿದೆವು. ಆ ವಾರ್ಡಿನಲ್ಲಿ ಎಲ್ಲರೂ ಕೆಮ್ಮುವವರೇ. ಅತ್ತೆ ಕಣ್ಣು ಮುಚ್ಚಿಕೊಂಡೇ ಒಂದೊಂದು ಕೆಮ್ಮಿಗೂ ಆ ಕಡೆ ಮುಖ ತಿರುಗಿಸುತ್ತಿದ್ದರು. ಒಮ್ಮೆ ನನ್ನ ಸೆರಗು ಜಗ್ಗಿ, "ಆ ಮೂಲಿ ಕಾಟಿನಾಕಿ ಯಾವೂರಾಕಿ? ಕೇಳಿ ಬಾ," ಎಂದರು. ಕೇಳಿ ಬಂದೆ.

"ಮೋಟೆಬೆನ್ನೂರಿನವ್ರಂತ್ರಿ."

"ಬ್ಯಾಡಗಿಯಾಕಿ ಅಲ್ಲ ಹಂಗಾದ್ರ," ಎಂದು ಮುಖ ಈಚೆ ಮಾಡಿದರು.

ಮರುದಿನ ಬೆಳಿಗ್ಗೆ ತೀರಿಹೋದರು. ನಾನು ಅವರ ಜಡೆ ಬಿಡಿಸಿ ಕಟ್ಟುತ್ತಿದ್ದೆ. ಕೈಯಲ್ಲಿ ಕೂದಲು ಹಾಗೇ ಇತ್ತು.

ಎಲ್ಲ ಕಾರ್ಯ ಮುಗಿದು ನೆಂಟರು ಊರಿಗೆ ಹೋದ ಮೇಲೆ ಆ ಹುಡುಗನಿಂದ ಸೌಂಡ್ ಬಂತು. ಜೊತೆಗೆ ಒಂದು ಸಾಲು ಬರೆದಿದ್ದ, ಅಜ್ಜಿಗೆ ಕೇಳಿಸಿ ಮೇಡಂ ಎಂದು. ಅವನಿಗೆ ಯಾರು ಹೇಳಿರುತ್ತಾರೆ? ನಾನೂ ನಮ್ಮನೆಯವರೂ ಟೀವಿಯ ಮುಂದೆ ಕೂತು ಹಚ್ಚಿದೆವು. ಕರಕರ ಸದ್ದು. ಯಾರೋ ಯಾರನ್ನೋ ಕರೆಯುತ್ತಾರೆ. ಚೀಲ ಎಳೆದ ಸಪ್ಪಳ. ನಾಯಕಿಯ ಮಾತು ದೂರದಲ್ಲಿ. ಅದರ ಮೇಲೆಲ್ಲ ಹೆಂಗಸರ ಕೆಮ್ಮು. ಒಣ ಕೆಮ್ಮು, ಕಫದ ಕೆಮ್ಮು, ತಡೆದು ತಡೆದು ಕೆಮ್ಮಿದ್ದು, ನಗುತ್ತಲೇ ಕೆಮ್ಮಿದ್ದು.

ನಮ್ಮನೆಯವರು ಮತ್ತೆ ಮೊದಲಿನಿಂದ ಹಚ್ಚಿದರು. ಆಮೇಲೆ ಇನ್ನೊಮ್ಮೆ.

"ಯಾವುದಂತಿ?" ಎಂದು ನನ್ನನ್ನು ಕೇಳಿದರು.

ಡಿಸ್ಕು ಮುಂದಿನ ತಿಂಗಳು ಖಂಡಿತ ಬರುತ್ತದಂತೆ. ಸೌಂಡ್ ನಮ್ಮ ಹತ್ತಿರ ಈಗಲೇ ಇದೆ. ಇಷ್ಟು ಜನ ಕೆಮ್ಮುತ್ತಾರೆ, ಅವರಲ್ಲಿ ಒಬ್ಬರು ನಮ್ಮತ್ತೆಯ ತಾಯಿ. ಯಾರೆಂದು ಹೇಳಬಲ್ಲವರು ಇಲ್ಲ.